ಹೆದರಿಕೆ ಇದೆಯಾ ಎಂದು ಕೇಳಿದರೆ

ಮೈದುನರಾಯರೇ,

ಅಂಗಿಯ ಇಸ್ತ್ರಿಗೆ ಹತ್ತು, ಬಸ್ಸಿಗೆ ನಲವತ್ತು, ಊಟಕ್ಕೆ ಎಂಬತ್ತು; ದುಡ್ಡು ಗಡಿಯಾರದ ಹಿಂದಿದೆ. ಊಟ ಮಾಡಿಕೊಂಡೇ ಲಿಫ್ಟ್ ಕಂಪನಿಯ ಸಂದರ್ಶನಕ್ಕೆ ಹೋಗು. ಹಸಿದವನ ಉತ್ಸಾಹ ಮುಖದಲ್ಲಿ ನಿಲ್ಲುವುದಿಲ್ಲ.

ನಿನ್ನೆ ಕನ್ನಡಿಯ ಮುಂದೆ "ಏನ್ ಹೇಳಿದ್ರೂ ಮಾಡ್ತೀನಿ ಸಾರ್" ಅಂತ ಹಲ್ಲು ಕಿರಿಯುತ್ತಿದ್ದೆಯಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗು. ಲಿಫ್ಟ್ ಅಂದರೆ ನಿನಗೆ ಹುಚ್ಚು, ಆ ಹುಚ್ಚು ಅವರಿಗೆ ಕಂಡರೆ ಸಾಕು. ನಮ್ಮ ಕಟ್ಟಡದ ಲಿಫ್ಟ್ ಮೂರನೇ ಮಹಡಿಗೆ ಬಂದಾಗ ಯಾಕೆ ನರಳುತ್ತದೆ ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ವಿವರಿಸಿದೆ, ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಅಲ್ಲಿಯೂ ಹಾಗೇ ಮಾತಾಡು. ರಿಪೇರಿ ಕಲಿಸುವವರು ಯಾರು, ಎಷ್ಟು ದಿನ ಜೊತೆಗಿರುತ್ತಾರೆ ಎಂದು ನೀನೇ ಬಾಯಿಬಿಟ್ಟು ಕೇಳು. ಕೆಲಸ ಬೇಕೆನ್ನುವವನು ಕೇಳಿಯೇ ಕೇಳುತ್ತಾನೆ.

ಕೊನೆಗೆ ಕಂಪನಿಯ ಯಜಮಾನರು ನಗುತ್ತಾ "ಹೆದರಿಕೆ ಗಿದರಿಕೆ ಏನಾದ್ರೂ ಇದೆಯೇನಪ್ಪಾ?" ಅಂತಾರಂತೆ. ಇದೆ ಅನ್ನು. ಹೆದರುವವನು ಬೇಡ ಅಂದರೆ ಸುಮ್ಮನೆ ಎದ್ದು ಬಾ. ನಿಮ್ಮಣ್ಣನಿಗೆ ನಾನು ಹೇಳಿಕೊಳ್ಳುತ್ತೇನೆ.

ಆ ಜಾಗ ಯಾಕೆ ಖಾಲಿಯಾಯಿತು ಎಂದು ನೀನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿದ್ದವನು ಕೆಳಮನೆಯಾಕೆಯ ಮಗ. ಈಗ ಅವನಿಗೇ ಊಟ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಿದ್ದೇನೆ. ಅದೇ ಪ್ರಶ್ನೆಗೆ ಅವನು "ಇಲ್ಲವೇ ಇಲ್ಲ ಸಾರ್" ಅಂದನಂತೆ. ಮಾರನೆಯ ದಿನವೇ ಅವನೊಬ್ಬನನ್ನೇ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಸಿದರು. ಕೆಳಗೆ ಮನುಷ್ಯನಿದ್ದಾನೆಂದು ತಿಳಿಯದೆ ಮೇಲಿನ ಮಹಡಿಯಲ್ಲಿ ಲಿಫ್ಟ್ ಹತ್ತಿದವರು ಯಾರೋ ಕೆಳಗಿಳಿಯಲು ಬಟನ್ ಒತ್ತಿದರು.

ಅವನಿಗೆ ಕೆಲಸ ಸಿಕ್ಕಿತು. ಬಲಗಾಲು ಹೋಯಿತು.

ಅತ್ತಿಗೆ