ಮೂರನೆಯ ವೇಗದ ಬೌಲರ್

ಕುರ್ಲಾ, 12-1-1959

ತೀರ್ಥರೂಪ ಅಪ್ಪನವರ ಪಾದಗಳಿಗೆ ಅಪರಾಧಿ ಚನಬಸಪ್ಪನ ಸಾಷ್ಟಾಂಗ ನಮಸ್ಕಾರ.

ಅಣ್ಣನ ಮದುವೆ ಗೊತ್ತಾಯಿತು, ಮೊದಲು ನಿಶ್ಚಿಂತರಾಗಿ. ಭಾಂಡುಪದ ಬೀಗರು ಕ್ರಿಕೆಟ್ ಹುಚ್ಚರೆಂದು ತಿಳಿದು, ಈ ಕಾಲದ ಮೂವರು ಶ್ರೇಷ್ಠ ವೇಗದ ಬೌಲರುಗಳನ್ನು ಅಣ್ಣನಿಗೆ ನಾನೇ ಬಾಯಿಪಾಠ ಮಾಡಿಸಿದ್ದೆ: ಲಿಂಡ್ವಾಲ್, ಟ್ರೂಮನ್, ಗುಪ್ತೆ. ಗುಪ್ತೆ ನಿಧಾನವಾಗಿ ಚೆಂಡು ತಿರುಗಿಸುವವರು. ಅದು ನನ್ನ ಕಿತಾಪತಿ.

ಹೆಣ್ಣು ನೋಡಲು ಹೋದಾಗ ಬೀಗರು ಕೇಳಿದ್ದೇ ತಡ, ಅಣ್ಣ ಗಂಭೀರವಾಗಿ ಒಪ್ಪಿಸಿದ. ಬೀಗರು ಅವಲಕ್ಕಿ ತಟ್ಟೆ ಕೆಳಗಿಟ್ಟರು.

"ನನಗ ಕ್ರಿಕೆಟ್ ತಿಳಿಯೂದಿಲ್ಲರಿ, ತಮ್ಮ ಹೇಳಿಕೊಟ್ಟಾನ," ಎಂದ ಅಣ್ಣ.

ಚಹಾ ತಂದ ಹುಡುಗಿ ಶರಣವ್ವ ನಕ್ಕಳು. "ಅಪ್ಪಾ, ಖರೇ ಹೇಳಿದ್ರಲ್ಲ, ಸಾಕು. ಆ ತಮ್ಮನ್ನ ನಾ ನೋಡ್ಕೋತೀನಿ."

ಅಣ್ಣ ನನಗಿನ್ನೂ ಹೊಡೆದಿಲ್ಲ; ಆ ಕೆಲಸವನ್ನು ಅತ್ತಿಗೆಗೆ ಬಿಟ್ಟಿದ್ದಾನೆ. ಬರುವಾಗ ಧಾರವಾಡದ ಪೇಢೆ ಎರಡು ಪೊಟ್ಟಣ ತನ್ನಿ. ಒಂದು ಬೀಗರಿಗೆ, ಇನ್ನೊಂದು ನನ್ನ ಜೀವ ಉಳಿಸಲಿಕ್ಕೆ.

ಸದ್ಯಕ್ಕೆ ಕ್ಷೇಮವಾಗಿರುವ ನಿಮ್ಮ ಮಗ,
ಚನಬಸಪ್ಪ