ಹೆಸರು ಹಿಡಿದು ಕರೆದದ್ದಕ್ಕೆ

ಅತ್ತಿಯಾರ,

ಸ್ಟೇಷನ್ ರಸ್ತೆ ದವಾಖಾನಿಗೆ ಹೊಂಟೇನಿ. ನಿನ್ನಿಯಿಂದ ನೀವು ನನ್ನ ಜೋಡಿ ಮಾತು ಬಿಟ್ಟೀರಿ, ಅದಕ್ಕ ಬರದಿಟ್ಟೇನಿ.

ರೊಟ್ಟಿ ಬುಟ್ಟ್ಯಾಗ ಅದಾವ. ನಿಮ್ಮ ಮಗಗ ಉಂಡ ಮ್ಯಾಲೆ ಗುಳಿಗಿ ಕೊಡ್ರಿ. ಟಿವಿ ಬಂದ್ ಮಾಡಿ, ಒಂದು ಸಲಕ್ಕ ಒಂದ ಕೆಲಸ ಹೇಳ್ರಿ.

ಗಂಡನ ಹೆಸರು ಹಿಡದು ಕರದೆ ಅಂತ ನಿಮಗ ಸಿಟ್ಟು. ಸೊಕ್ಕಿಗೆ ಕರೀಲಿಲ್ರಿ. ಗಾಡಿ ಮ್ಯಾಲಿಂದ ಬಿದ್ದು ತಲಿಗೆ ಪೆಟ್ಟಾದಾಗಿಂದ, "ರೀ" ಅಂದ್ರ ತಮಗ ಅಂದದ್ದು ಅಂತ ಅವರಿಗೆ ತಿಳಿಯೂದಿಲ್ಲ. ದೊಡ್ಡ ಡಾಕ್ಟರು ಸ್ಕ್ಯಾನ್ ನೋಡತಾರ, ವ್ಯಾಯಾಮದವರು ಕೈ ನೋಡತಾರ. ನೆನಪು, ಲಕ್ಷ್ಯ ಪರೀಕ್ಷೆ ಮಾಡೋ ಮೇಡಂ ಒಬ್ಬರ ಅವರನ್ನೆಲ್ಲಾ ಕೂಡಿಸಿ, "ಮನ್ಯಾಗ ಹೆಂಗದಾರ?" ಅಂತ ನನ್ನ ಕೇಳಿದ್ರು. "ಮೊದಲ ಹೆಸರು ಹಿಡದು ಕರೀರಿ, ಆಮ್ಯಾಲೆ ಮಾತು" ಅಂತ ಹೇಳಿದವರೂ ಅವರ. ಇವತ್ತ ಮತ್ತ ಎಲ್ಲಾರೂ ಕೂಡತಾರ. ಕರದ್ರ ಓ ಅಂತಾರೇನು ಅಂತ ಕೇಳತಾರ.

ನೀವು ಸಿಟ್ಟೀಲೆ ಒಳಗ ಹೋದ್ರಿ, ಮುಂದಿಂದು ಕೇಳಲಿಲ್ಲ. ನಾ "ಪ್ರತಾಪ" ಅಂದ ಕೂಡಲೆ ಅವರು ತಿರುಗಿದ್ರು. ನನ್ನ ಮಾರಿ ನೋಡಿ "ಏನ್ ಬೇ ಯವ್ವಾ?" ಅಂದ್ರು.

ಈ ಮನ್ಯಾಗ ಆ ಹೆಸರು ಕರಿಯೋರು ನೀವೊಬ್ಬರ.

ನಾ ಬರೂತನಕ ಅವರ ಮುಂದ ನನ್ನ ಹೆಸರೂ ಒಂದೆರಡು ಸಲ ತಗೀರಿ.

ವಿಶಾಖಾ