ಎದ್ದು ನಿಂತ ತಪ್ಪು

ಅತ್ತಿಗೆಗೆ, ಮಲಾವಿ ದೇಶದ ಹಳ್ಳಿಯಿಂದ ಓಬಳಮ್ಮ ಬರೆಯುವುದು.

ಗಾರ್ಮೆಂಟ್ಸಿನಲ್ಲಿ ಕಲಿತ ಹೊಲಿಗೆಯನ್ನು ನಮ್ಮ ಮಹಿಳಾ ಸಂಘದ ಪರವಾಗಿ ಇಲ್ಲಿಯ ಹೆಂಗಸರಿಗೆ ಕಲಿಸಲು ಊರ ಹಿರಿಯಜ್ಜಿ ಒಪ್ಪಬೇಕಿತ್ತು. ನಿನ್ನೆ ಅವರು ಬಂದು ಕೂತ ಕೂಡಲೇ ಎಲ್ಲರೂ ಮಂಡಿಯೂರಿದರು. ನಾನು ಮಡಕಶಿರದ ರೂಢಿಯಂತೆ ಸೆರಗು ಹೊದ್ದು ಎದ್ದು ನಿಂತೆ. ಕೂರು ಎಂದು ಅಜ್ಜಿ ಕೈ ತೋರಿಸಿದರು. ಒಂದೇ ಮಾತಿಗೆ ಕೂತರೆ ಮರ್ಯಾದೆಯಲ್ಲವೆಂದು ಇನ್ನೂ ನೆಟ್ಟಗೆ ನಿಂತೆ. ಅಜ್ಜಿ ಹುಬ್ಬು ಗಂಟಿಕ್ಕಿದರು.

ಜೊತೆಗೆ ಬಂದಿರುವ ರಾಯದುರ್ಗದ ನಾಗಮಣಿ ನನ್ನ ಸೆರಗು ಎಳೆದಳು. “ಅಕ್ಕಾ, ಕುಂದರ್ರಿ. ದೊಡ್ಡೋರ ಮುಂದ ನಿಂತ್ರ ಇಲ್ಲಿ ಸೊಕ್ಕು ಅಂತಾರಂತ್ರಿ.”

“ನಮ್ಮೂರಾಗೆ ಕುಂತ್ರೆ ಸೊಕ್ಕು ಅಂತಾರಲ್ಲಮ್ಮ,” ಎನ್ನುತ್ತ ದೊಪ್ಪನೆ ಮಂಡಿಯೂರಿದೆ.

ನಾಗಮಣಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಇಲ್ಲಿಯವಳೊಬ್ಬಳು ಅಜ್ಜಿಗೆ ಅವರ ಭಾಷೆಯಲ್ಲಿ ತಿಳಿಸಿದಳು. ತಕ್ಷಣ ಅಜ್ಜಿ ನನ್ನ ಗೌರವಕ್ಕೆಂದು ಎದ್ದು ನಿಂತರು. ಅವರು ನಿಂತಿರುವಾಗ ನಾನು ಕೂತಿರುವುದು ಹೇಗೆ? ಎದ್ದೆ. ಅವರು ಮಂಡಿಯೂರಿದರು. ಹೀಗೆ ನಾಲ್ಕು ಸಲವಾಯಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ನಕ್ಕಿದ್ದು ಇದೇ ಮೊದಲು.

ಆರೋಗ್ಯ ಚೆನ್ನಾಗಿದೆ, ಮಂಡಿ ಮಾತ್ರ ಊದಿದೆ. ಅಜ್ಜಿಗೂ ಊದಿದೆಯಂತೆ. ಹೊಲಿಗೆಗೆ ಒಪ್ಪಿದ್ದಾರೆ. ಸೋಮವಾರ ತಾವೇ ಮೊದಲು ಕಲಿಯಲು ಬರುತ್ತಾರೆ. ಇಬ್ಬರೂ ಸ್ಟೂಲಿನ ಮೇಲೆಯೇ ಕೂರುವುದೆಂದು ಮಾತಾಗಿದೆ.

ಓಬಳಮ್ಮ